ಯುಗಾದಿಗೆ 30 ಜನ ಬಂದರೆ: ನಾವೇ ಮಾಡೋದಾ, ಅಡುಗೆಯವರನ್ನು ಕರೆಸೋದಾ, ತರಿಸೋದಾ?

"ಈ ಸಲ ಯುಗಾದಿಗೆ ಎಲ್ಲರೂ ನಮ್ಮನೆಗೇ ಬನ್ನಿ" ಅಂತ ಫೋನಿನಲ್ಲಿ ಹೇಳುವುದು ಸುಲಭ. ಹಬ್ಬಕ್ಕೆ ಎರಡು ವಾರ ಇರುವಾಗ ತಲೆ ಎಣಿಸಿದರೆ 30 ಆಗಿರುತ್ತದೆ. ಅತ್ತೆ ಮನೆಯವರು, ತವರಿನವರು, ಊರಿಂದ ಬರುವ ದೊಡ್ಡಪ್ಪ ದೊಡ್ಡಮ್ಮ, ಪಿಜಿಯಲ್ಲಿ ಇರುವ ಸೋದರತ್ತೆ ಮಗ, ಅವನ ಜೊತೆಗೊಬ್ಬ ಸ್ನೇಹಿತ. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು. ಎಲ್ಲಾ ನಾವೇ ಮಾಡೋಣವಾ? ಅಡುಗೆಯವರನ್ನು ಮನೆಗೆ ಕರೆಸೋಣವಾ? ಕೇಟರಿಂಗ್‌ನವರಿಂದ ತರಿಸೋಣವಾ? ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಹಂಚಿಬಿಡೋಣವಾ?

ಈ ಚರ್ಚೆ ಬೇಗ ಜಗಳಕ್ಕೆ ತಿರುಗುತ್ತದೆ. ಒಬ್ಬರು ಖರ್ಚಿನ ಮಾತಾಡುತ್ತಾರೆ, ಇನ್ನೊಬ್ಬರು "ಹಬ್ಬದ ದಿನವೂ ಹೊರಗಿನ ಊಟನಾ?" ಅಂತ ಮುಖ ಊದಿಸಿಕೊಳ್ಳುತ್ತಾರೆ. ಎರಡನ್ನೂ ಸ್ವಲ್ಪ ಪಕ್ಕಕ್ಕಿಡಿ. ಮೊದಲು ಎಣಿಸಬೇಕಾದ್ದು ನಿಮ್ಮ ಮನೆಯ ಒಲೆಗಳು, ಕೆಲಸಕ್ಕೆ ಬರುವ ಕೈಗಳು, ಮತ್ತೆ ಸಂಪಿನಲ್ಲಿರುವ ನೀರು. ಆಮೇಲೆ ಇಡೀ ಊಟಕ್ಕೆ ಒಂದೇ ತೀರ್ಮಾನ ಮಾಡಬೇಡಿ. ಒಂದೊಂದು ಅಡುಗೆಯನ್ನೂ ಬೇರೆ ಬೇರೆ ನೋಡಿ. ಹೋಳಿಗೆಗೆ ಸರಿಹೋಗುವ ದಾರಿ ಅನ್ನಕ್ಕೆ ಸರಿಹೋಗುವುದಿಲ್ಲ.

30 ಎಲೆಗೆ ಎಷ್ಟು ಬೇಕು?

ಯಾವ ದಾರಿ ಹಿಡಿದರೂ ಈ ಅಂದಾಜು ಕೈಯಲ್ಲಿರಲಿ. ಅಡುಗೆಯವರು ಸಾಮಾನಿನ ಪಟ್ಟಿ ಕೊಟ್ಟಾಗಲೂ ಇದು ಉಪಯೋಗಕ್ಕೆ ಬರುತ್ತದೆ.

ಹೋಳಿಗೆ, ಚಿತ್ರಾನ್ನ ಎಲ್ಲಾ ಇರುವ ಊಟದಲ್ಲಿ ಅನ್ನ ಜಾಸ್ತಿ ಹೋಗುವುದಿಲ್ಲ. ತಲೆಗೆ ಸುಮಾರು 100 ಗ್ರಾಂ ಅಕ್ಕಿ ಸಾಕು. ಅಂದರೆ 3 ಕೆಜಿ, ಅದರಲ್ಲಿ 1 ಕೆಜಿ ಮಾವಿನಕಾಯಿ ಚಿತ್ರಾನ್ನಕ್ಕೆ. ಹೋಳಿಗೆ ತಲೆಗೆ 2ರಂತೆ 60. ಒಂದು ಕೆಜಿ ಬೇಳೆಗೆ ಒಂದು ಕೆಜಿ ಬೆಲ್ಲ ಹಾಕಿದರೆ, ಕೈ ಎಷ್ಟು ದಪ್ಪ ತಟ್ಟುತ್ತದೆ ಅನ್ನುವುದರ ಮೇಲೆ, 40ರ ಆಸುಪಾಸು ಆಗುತ್ತವೆ. ಹಾಗಾಗಿ ಒಂದೂವರೆ ಕೆಜಿ ಬೇಳೆ. ಕೋಸಂಬರಿಗೆ 300 ಗ್ರಾಂ ಹೆಸರುಬೇಳೆ, ಜೊತೆಗೆ ಸೌತೆಕಾಯಿ. ಹುರುಳಿಕಾಯಿ ಪಲ್ಯಕ್ಕೆ 2 ಕೆಜಿ ಕಾಯಿ. ಪಾಯಸ 3 ಲೀಟರ್, ಮೊಸರು 3 ಲೀಟರ್, ಅರ್ಧ ಕೆಜಿ ತುಪ್ಪ. ಬಾಳೆ ಎಲೆ 30 ಬೇಕಾದರೆ 35 ತನ್ನಿ, ಒಂದೆರಡು ಹರಿದೇ ಹರಿಯುತ್ತವೆ.

ಮಕ್ಕಳು ಹೋಳಿಗೆ ಒಂದು ತಿಂದು ಹಪ್ಪಳ ಆರು ತಿನ್ನುತ್ತಾರೆ. ಹಪ್ಪಳ ಸಂಡಿಗೆ ಲೆಕ್ಕದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ.

ಎಲ್ಲಾ ನಾವೇ ಮಾಡಿದರೆ

ಕೈಯಿಂದ ಹೋಗುವ ದುಡ್ಡು ಇದರಲ್ಲಿ ಎಲ್ಲಕ್ಕಿಂತ ಕಡಿಮೆ. ರುಚಿ ನಿಮ್ಮ ಮನೆಯದೇ. 15 ಜನರವರೆಗೆ ನಾನು ಬೇರೆ ದಾರಿ ಯೋಚನೆ ಕೂಡ ಮಾಡುವುದಿಲ್ಲ.

30 ಆದಾಗ ಅಡ್ಡ ಬರುವುದು ಒಲೆ. ಮೂರು ಬರ್ನರಿನ ಒಲೆ ಅಂತಿಟ್ಟುಕೊಳ್ಳಿ. ಒಂದು ಹೋಳಿಗೆ ಬೇಯಿಸಲು ಎರಡೂವರೆ ನಿಮಿಷ ಅಂದರೂ, 60ಕ್ಕೆ ಒಂದು ಕಾವಲಿ ಪೂರಾ ಎರಡೂವರೆ ಗಂಟೆ ಒಂದು ಬರ್ನರನ್ನು ಹಿಡಿದುಕೊಂಡಿರುತ್ತದೆ. ಇನ್ನೊಂದರ ಮೇಲೆ ಸಾರು. ಉಳಿದ ಒಂದೇ ಬರ್ನರಿನಲ್ಲಿ ಅನ್ನ, ಪಲ್ಯ, ಪಾಯಸ, ಒಗ್ಗರಣೆ, ಹಪ್ಪಳ ಎಲ್ಲವೂ ಸರದಿಯಲ್ಲಿ ನಿಲ್ಲಬೇಕು. ಅಕ್ಕಿ, ಬೇಳೆ ಬೇಯುವಾಗ ಉಬ್ಬುತ್ತವೆ, ಅವಕ್ಕೆ ಕುಕ್ಕರನ್ನು ನೀರೂ ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಹಾಗಾಗಿ 10 ಲೀಟರ್ ಕುಕ್ಕರಿನಲ್ಲೂ ಒಂದು ಸಲಕ್ಕೆ ಒಂದೂವರೆ ಕೆಜಿ ಅಕ್ಕಿಗಿಂತ ಜಾಸ್ತಿ ಬೇಯುವುದಿಲ್ಲ. ಮನೆಯ 5 ಲೀಟರ್ ಕುಕ್ಕರೊಂದನ್ನೇ ನಂಬಿದರೆ ನಾಲ್ಕು ಸಲ ಇಡಬೇಕು.

ಇನ್ನು ಕೈ. ಅಡುಗೆಗೆ ಎರಡು ಜೊತೆ ಕೈ ಸಿಗುತ್ತವೆ. ಪಾತ್ರೆ ತೊಳೆಯಲು, ಎಲೆ ಹಾಕಲು, ಬಡಿಸಲು, ಎಲೆ ಎತ್ತಲು ಯಾರು? ಮನೆಕೆಲಸದವರಿಗೂ ಅವತ್ತು ಹಬ್ಬ, ರಜೆ ಕೇಳಿರುತ್ತಾರೆ, ಕೇಳಲೇಬೇಕು. ಈ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಬರದಿದ್ದರೆ ಆ ಉತ್ತರ ಮನೆಯ ಹೆಂಗಸರೇ ಆಗುತ್ತಾರೆ. ಎಲ್ಲರೂ ಉಂಡು ಎಲೆಯಡಿಕೆ ಹಾಕಿಕೊಂಡು ಕೂತ ಮೇಲೆ ಮೂರನೇ ಪಂಕ್ತಿಯಲ್ಲಿ ತಣ್ಣಗಿನ ಅನ್ನ ಉಣ್ಣುವವರು ಅವರು. ನಾವೇ ಮಾಡುವುದು ಅಗ್ಗ ಅನ್ನುವಾಗ ಆ ದುಡಿಮೆಗೆ ಬೆಲೆ ಕಟ್ಟಿರುವುದಿಲ್ಲ, ಅಲ್ವಾ?

ನೀರೂ ಅಷ್ಟೇ. ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಹಬ್ಬದ ಹಿಂದಿನ ದಿನ ನಿಮ್ಮ ಸರದಿಯಾ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಎಣ್ಣೆಸ್ನಾನ ಬೇರೆ ಇದೆ. ಮೊದಲ ಹತ್ತು ಜನ ಮಿಂದ ಮೇಲೆ ಪಾತ್ರೆಗೆ ನೀರಿಲ್ಲ ಅಂದರೆ ಹಬ್ಬ ಅಲ್ಲಿಗೇ ಮುಗಿಯಿತು.

ಇಷ್ಟೆಲ್ಲಾ ಇದ್ದೂ ನಾವೇ ಮಾಡುತ್ತೇವೆ ಅನ್ನುವವರು ಒಂದು ಕೆಲಸ ಮಾಡಿ. ಶಾಮಿಯಾನ ಅಂಗಡಿಯಲ್ಲಿ ದೊಡ್ಡ ಪಾತ್ರೆ, ಸೌಟು, ಬಕೆಟ್ಟು ಬಾಡಿಗೆಗೆ ಸಿಗುತ್ತವೆ. ಹಿಂದಿನ ದಿನವೇ ತಂದು ತೊಳೆದಿಡಿ. ಹೂರಣ ರುಬ್ಬುವುದು, ಕಾಯಿ ತುರಿಯುವುದು, ಹುರುಳಿಕಾಯಿ ಹೆಚ್ಚುವುದು ಹಿಂದಿನ ರಾತ್ರಿಯೇ ಮುಗಿದು ಫ್ರಿಜ್ಜಿಗೆ ಹೋಗಿರಲಿ.

ಹೋಳಿಗೆ ಅಂಗಡಿಯಿಂದ ತಂದರೆ ಸಾರಿಗೇನು ಗತಿ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಂಗಳೂರಿನಲ್ಲಿ ಹೋಳಿಗೆ ಸಿಗದ ಬಡಾವಣೆ ಇಲ್ಲ. ಗಾಂಧಿಬಜಾರ್, ಮಲ್ಲೇಶ್ವರ, ಜಯನಗರದ ಕಡೆ ಎದುರಿಗೇ ಕಾವಲಿ ಮೇಲೆ ಬೇಯಿಸಿ ಕೊಡುತ್ತಾರೆ. ಚೆನ್ನಾಗಿಯೂ ಇರುತ್ತವೆ. ಹಾಗಾಗಿ ಮೊದಲು ಹೊಳೆಯುವ ಉಪಾಯ, "ಹೋಳಿಗೆ ತಂದುಬಿಡೋಣ, ಉಳಿದದ್ದು ಮನೆಯಲ್ಲಿ."

ಆದರೆ ಹೋಳಿಗೆ ಒಂಟಿಯಾಗಿ ಬರುವುದಿಲ್ಲ, ಅದರ ಜೊತೆ ಒಬ್ಬಟ್ಟಿನ ಸಾರು ಇದೆ. ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲೇ ಆ ಸಾರು ಆಗಬೇಕು. ಕೊನೆಗೆ ಒಂದು ಹಿಡಿ ಹೂರಣ ಕದಡಿದರೆ ಅದಕ್ಕೆ ಆ ಸಿಹಿ ಖಾರದ ಹದ ಬರುತ್ತದೆ. ಅಂಗಡಿಯವರು ಹೋಳಿಗೆ ಕೊಡುತ್ತಾರೆ, ಕಟ್ಟು ಕೊಡುವುದಿಲ್ಲ. ಹಬ್ಬದ ಬೆಳಿಗ್ಗೆ ಇದು ನೆನಪಾದರೆ ಮಾಮೂಲಿ ತಿಳಿಸಾರು ಮಾಡಿ ಅದಕ್ಕೆ ಬೆಲ್ಲ ಹಾಕುವ ಗತಿ. ಅದು ಆಗದ ಮಾತು.

ನನ್ನ ಸಲಹೆ ಅರ್ಧ ಅರ್ಧ. ಮುಕ್ಕಾಲು ಕೆಜಿ ಬೇಳೆ ಮನೆಯಲ್ಲೇ ನೀರು ಜಾಸ್ತಿ ಇಟ್ಟು ಬೇಯಿಸಿ, ಕಟ್ಟು ಬಸಿಯಿರಿ. ಹುಣಸೆರಸ, ಸಾರಿನಪುಡಿ, ಕಾಯಿ ಮಸಾಲೆ ಸೇರಿದ ಮೇಲೆ 30 ಜನರಿಗೆ ಸಾಕಾಗುವಷ್ಟು ಸಾರು ಆಗುತ್ತದೆ. ಬೆಂದ ಬೇಳೆಯಲ್ಲಿ 30 ಹೋಳಿಗೆ. ಅಷ್ಟನ್ನು ಒಂದೂಕಾಲು ಗಂಟೆಯಲ್ಲಿ ಬೇಯಿಸಿ ಮುಗಿಸಬಹುದು. ನೈವೇದ್ಯಕ್ಕೂ ಮನೆಯದ್ದೇ ಆಯಿತು. ಇನ್ನು 30 ಅಂಗಡಿಯಿಂದ ಬರಲಿ, ಬೇಕಿದ್ದರೆ ಅದನ್ನು ಕಾಯಿ ಹೋಳಿಗೆ ಮಾಡಿಸಿ, ಎರಡು ಬಗೆ ಬಡಿಸಿದ ಹಾಗಾಗುತ್ತದೆ. ಅಂಗಡಿಗೆ ಒಂದು ವಾರ ಮೊದಲೇ ಹೇಳಿ, ಮುಂಗಡ ಕೊಟ್ಟು ಚೀಟಿ ತೆಗೆದುಕೊಳ್ಳಿ. ಮನೆಗೆ ತಂದ ಕೂಡಲೇ ಕವರಿನಿಂದ ತೆಗೆದು ಬಾಳೆ ಎಲೆ ಮೇಲೆ ಹರಡಿ. ಬಿಸಿಯಲ್ಲಿ ಒಂದರ ಮೇಲೊಂದು ಇಟ್ಟದ್ದು ಬೆವತು ಅಂಟಿಕೊಳ್ಳುತ್ತದೆ.

ಅಡುಗೆಯವರನ್ನು ಮನೆಗೆ ಕರೆಸಿದರೆ

ಅಡುಗೆಯವರ ಕೂಲಿ 20 ಜನಕ್ಕೂ 40 ಜನಕ್ಕೂ ಹೆಚ್ಚುಕಮ್ಮಿ ಒಂದೇ. ಯಾಕೆಂದರೆ ಒಬ್ಬ ಮುಖ್ಯ ಅಡುಗೆಯವರು, ಕೈಯಾಳು ಒಬ್ಬರು, ಅವರ ಒಂದು ದಿನ, ಇಷ್ಟು ಹೇಗಿದ್ದರೂ ಬೇಕು. ಹಾಗಾಗಿ 20 ಜನಕ್ಕೆ ಇದು ದುಬಾರಿ ಅನಿಸುತ್ತದೆ, 40 ದಾಟಿದರೆ ಇದರಷ್ಟು ಲಾಭ ಬೇರೆ ಇಲ್ಲ. 30 ಗಡಿಯಲ್ಲಿದೆ.

ಊಟ ಬಿಸಿಬಿಸಿ ಸಿಗುತ್ತದೆ, ನಿಮ್ಮ ಕಣ್ಣೆದುರಿಗೇ ಆಗುತ್ತದೆ, ಉಪ್ಪು ಖಾರ ಹೇಳಬಹುದು. ಮಡಿ, ಈರುಳ್ಳಿ ಬೆಳ್ಳುಳ್ಳಿ ಅಂತ ನೋಡುವ ಹಿರಿಯರು ಇರುವ ಮನೆಗೆ ಇದೇ ನೆಮ್ಮದಿ. ತೊಂದರೆ ಜಾಗದ್ದು. ಸ್ವಂತ ಮನೆಯಲ್ಲಿ ಹಿತ್ತಲೋ ತಾರಸಿಯೋ ಇದ್ದರೆ ಸರಿ. ಎರಡು ಬೆಡ್‌ರೂಮಿನ ಫ್ಲಾಟಿನ ಅಡುಗೆಮನೆಯಲ್ಲಿ ಇಬ್ಬರು ಅಡುಗೆಯವರು ಹೊಕ್ಕರೆ ನಿಮಗೆ ಕಾಫಿ ಕಾಯಿಸಲೂ ಜಾಗ ಇರುವುದಿಲ್ಲ. ಬಾಲ್ಕನಿಯಲ್ಲಿ ದೊಡ್ಡ ಒಲೆ ಹಚ್ಚಲು ಬಿಡಲೇಬೇಡಿ. ಅಪಾರ್ಟ್‌ಮೆಂಟ್ ಆದರೆ ತಾರಸಿಗೆ ಸಂಘದವರ ಒಪ್ಪಿಗೆ ಮೊದಲೇ ಕೇಳಿ. ಗ್ಯಾಸ್ ಯಾರದ್ದು ಅಂತಲೂ ಮಾತಾಡಿಕೊಳ್ಳಿ. ಮನೆಯ 14.2 ಕೆಜಿ ಸಿಲಿಂಡರನ್ನು ಕಿತ್ತು ಅವರ ದೊಡ್ಡ ಒಲೆಗೆ ಜೋಡಿಸುವುದಕ್ಕಿಂತ, 19 ಕೆಜಿಯ ವಾಣಿಜ್ಯ ಸಿಲಿಂಡರ್ ಅವರೇ ತರುವುದು ಒಳ್ಳೆಯದು.

ಸಾಮಾನಿನ ಪಟ್ಟಿ ಬಂದಾಗ ಮೇಲೆ ಹೇಳಿದ ಅಂದಾಜಿನ ಜೊತೆ ಇಟ್ಟು ನೋಡಿ. ಪಟ್ಟಿ ಯಾವಾಗಲೂ ಸ್ವಲ್ಪ ಉದಾರವಾಗಿರುತ್ತದೆ. ಹೊರಗಿನ ಅಡುಗೆಮನೆಯಲ್ಲಿ ಏನಾದರೂ ಕಡಿಮೆ ಬಿದ್ದರೆ ಹೆಸರು ಕೆಡುವುದು ಅವರದು, ಅದಕ್ಕೇ ಹಾಗೆ. ನಾನು ತುಪ್ಪ, ಗೋಡಂಬಿ, ಎಣ್ಣೆ ಮೂರನ್ನು ಮಾತ್ರ ಕೇಳಿ ಇಳಿಸುತ್ತೇನೆ. ಅಕ್ಕಿ ಬೇಳೆ ಮಿಕ್ಕರೆ ಮನೆಗೇ ಆಗುತ್ತದೆ, ಅದಕ್ಕೆ ಚೌಕಾಸಿ ಮಾಡುವುದಿಲ್ಲ.

ಬಡಿಸುವುದು, ಪಾತ್ರೆ ತೊಳೆಯುವುದು ಕೂಲಿಯಲ್ಲಿ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಬಹಳ ಸಲ ಸೇರಿರುವುದಿಲ್ಲ. ಅದಕ್ಕೆ ಬೇರೆ ಇಬ್ಬರು ಬೇಕು ಅಂದರೆ ಹೂಂ ಅನ್ನಿ, ಆ ದುಡ್ಡು ಉಳಿಸಬೇಡಿ. ಇನ್ನೊಂದು ಮಾತು, ಒಳ್ಳೆಯ ಅಡುಗೆಯವರು ಯುಗಾದಿ ದಿನಕ್ಕೆ ತಿಂಗಳ ಮೊದಲೇ ಬುಕ್ ಆಗಿರುತ್ತಾರೆ. ವಾರದ ಮೊದಲು ಹುಡುಕಿದರೆ ಸಿಗುವವರು ಯಾರು ಅಂತ ನೀವೇ ಯೋಚನೆ ಮಾಡಿ.

ಕೇಟರಿಂಗ್‌ನಿಂದ ತರಿಸಿದರೆ

ಎಲೆಗೆ ಇಷ್ಟು ಅಂತ ದರ ಹೇಳುತ್ತಾರೆ. ಲೆಕ್ಕ ಸುಲಭ, ಅಡುಗೆಮನೆ ಕೊಳೆಯಾಗುವುದಿಲ್ಲ. ಫ್ಲಾಟಿನಲ್ಲಿ ಇರುವವರಿಗೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದು ನಾಚಿಕೆ ಪಡಬೇಕಾದ ದಾರಿ ಅಲ್ಲವೇ ಅಲ್ಲ. ಸುಮ್ನೆ ಯಾರೋ ಏನೋ ಅಂದುಕೊಳ್ಳುತ್ತಾರೆ ಅಂತ ಬೆನ್ನು ಮುರಿದುಕೊಳ್ಳಬೇಡಿ.

ಇದರಲ್ಲಿ ಇರುವ ಕಷ್ಟ ಹೊತ್ತಿನದು. ಹಬ್ಬದ ದಿನ ಅವರಿಗೆ ನೀವೊಬ್ಬರೇ ಗಿರಾಕಿ ಅಲ್ಲ. ಅಡುಗೆ ಬೆಳಗಿನ ಜಾವಕ್ಕೇ ಆಗಿರುತ್ತದೆ, ಗಾಡಿ ಒಂದೊಂದೇ ಮನೆಗೆ ಇಳಿಸುತ್ತಾ ಬರುತ್ತದೆ. ನಿಮಗೆ 11 ಗಂಟೆಗೆ ತಲುಪಿದರೆ, ಪೂಜೆ ಮುಗಿದು, ಪಂಚಾಂಗ ಓದಿ, ಬೇವುಬೆಲ್ಲ ಹಂಚಿ ಎಲೆ ಹಾಕುವಾಗ 2 ಗಂಟೆ. ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬೆಚ್ಚಗೆ ಕೂರಬಾರದು. ಬಿಸಿಯಾಗಿಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಯುಗಾದಿ ಬರುವುದು ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ, ಬೆಂಗಳೂರಿನ ಬಿಸಿಲು ಏರಿರುವ ಕಾಲ. ಕಾಯಿ ಹಾಕಿದ ಪಲ್ಯ, ಚಿತ್ರಾನ್ನ ಮೊದಲು ಹಳಸುತ್ತವೆ. ಅನ್ನದ್ದು ಇನ್ನೊಂದು ಕಥೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಅದಕ್ಕೆ ನಾನು ಹೇಳುವುದು, ಕೇಟರಿಂಗ್‌ನಿಂದ ಅನ್ನ ತರಿಸಬೇಡಿ. ಸಾರು, ಪಲ್ಯ, ಕೂಟು, ಬೋಂಡ, ಗೊಜ್ಜು, ಸಿಹಿ ಅವರಿಂದ ಬರಲಿ. ಅನ್ನ ಮನೆಯಲ್ಲೇ, ಎಲೆ ಹಾಕುವ ಹೊತ್ತಿಗೆ ಇಳಿಯಲಿ. ಕೋಸಂಬರಿಯೂ ಮನೆಯಲ್ಲೇ, ಉಪ್ಪು ಕೊನೆಗಳಿಗೆಯಲ್ಲಿ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಸಾರು ಬಂದ ಕೂಡಲೇ ಒಲೆ ಮೇಲೆ ಮಳ್ಳುವವರೆಗೆ ಕಾಯಿಸಿ. ಬಿಸಿ ಅನ್ನ, ಬಿಸಿ ಸಾರು, ಮೇಲೆ ತುಪ್ಪ ಬಿದ್ದರೆ ಉಳಿದದ್ದು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಆರ್ಡರ್ ಕೊಡುವಾಗ ಕನಿಷ್ಠ ಎಷ್ಟು ಎಲೆ ಅಂತ ಕೇಳಿ. ಕೆಲವರು ಹಬ್ಬದ ದಿನ 50ಕ್ಕೆ ಕಡಿಮೆ ಒಪ್ಪುವುದಿಲ್ಲ. ಪಾತ್ರೆಗೆ ಠೇವಣಿ ಎಷ್ಟು, ವಾಪಸ್ ತೆಗೆದುಕೊಂಡು ಹೋಗುವವರು ಯಾರು, ತೊಳೆದು ಕೊಡಬೇಕಾ ಅನ್ನುವುದೂ ತಿಳಿದಿರಲಿ. ಜೊತೆಗೆ ಪ್ಲಾಸ್ಟಿಕ್ ತಟ್ಟೆ ಲೋಟ ಕಳಿಸಬೇಡಿ ಅಂತ ಹೇಳಿ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಅವಕ್ಕೆ ನಿಷೇಧ ಇದೆ. ಬಾಳೆ ಎಲೆ ಆದರೆ ಊಟ ಮುಗಿದ ಮೇಲೆ ನೇರ ಹಸಿ ಕಸಕ್ಕೆ, ತೊಳೆಯುವ ನೀರೂ ಉಳಿಯಿತು.

ಹೋಟೆಲಿಗೇ ಹೋಗಿ ಉಣ್ಣುವುದು ಅನ್ನುವ ಐದನೇ ದಾರಿಯೂ ಇದೆ. 30 ಜನ ಹಬ್ಬದ ದಿನ ಸಾಲಿನಲ್ಲಿ ನಿಂತು, ಮೂರು ಮೂಲೆಯ ಟೇಬಲ್ಲುಗಳಲ್ಲಿ ಚದುರಿ ಕೂರುವುದಾದರೆ ಸೇರಿದ್ದು ಯಾಕೆ?

ಹಂಚಿಕೊಂಡು ಮಾಡಿದರೆ

ಹಳ್ಳಿಯಲ್ಲಿ ಎಲ್ಲರೂ ಒಂದೇ ಅಡುಗೆಮನೆಯಲ್ಲಿ ಸೇರಿ ಮಾಡುತ್ತಿದ್ದದ್ದನ್ನು ಇಲ್ಲಿ ಆರು ಅಡುಗೆಮನೆಗೆ ಹರಡುವುದು, ಅಷ್ಟೇ. ಒಲೆಯ ಕೊರತೆ ಇದರಲ್ಲಿ ಪೂರ್ತಿ ತಪ್ಪುತ್ತದೆ. ಖರ್ಚೂ ಹಂಚಿಹೋಗುತ್ತದೆ.

ಕೆಡುವುದು ಎರಡು ಕಡೆ. ಒಂದು, "ನಿಮಗೆ ಏನು ಆಗುತ್ತೋ ಅದು ತನ್ನಿ" ಅಂದರೆ ಮೂರು ಮನೆಯಿಂದ ಚಿತ್ರಾನ್ನ ಬರುತ್ತದೆ, ಪಲ್ಯ ಒಂದೂ ಇರುವುದಿಲ್ಲ. ಆತಿಥ್ಯದ ಸಂಕೋಚ ಬಿಟ್ಟು ಒಬ್ಬರೇ ಪಟ್ಟಿ ಮಾಡಿ, ಅಡುಗೆ ಮಾತ್ರ ಅಲ್ಲ, ಅಳತೆಯನ್ನೂ ಹೇಳಿ. "ಅಕ್ಕಾ, ನೀವು ಹುರುಳಿಕಾಯಿ ಪಲ್ಯ, ಎರಡು ಕೆಜಿ ಕಾಯಿದು" ಅಂತ. ಹೀಗೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೂ ಅದೇ ಬೇಕಾಗಿರುತ್ತದೆ.

ಎರಡು, ದೂರ. ವೈಟ್‌ಫೀಲ್ಡಿನಿಂದ ಬನಶಂಕರಿಗೆ ಕಾರಿನ ಡಿಕ್ಕಿಯಲ್ಲಿ ಸಾರು ತರುವುದು ಬೇಡ. ಚೆಲ್ಲದಿದ್ದರೂ ತಣ್ಣಗಾಗಿರುತ್ತದೆ. ದೂರದವರಿಗೆ ಒಣ ಬಾಬತ್ತು ಕೊಡಿ. ಹಪ್ಪಳ, ಸಂಡಿಗೆ, ಸಿಹಿ, ಹಣ್ಣು, ಎಲೆಯಡಿಕೆ. ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯ ಹತ್ತಿರ ಇರುವವರಿಗೆ ಬಾಳೆ ಎಲೆ, ಹೂವು, ಮಾವಿನ ಸೊಪ್ಪು, ಬೇವಿನ ಹೂ ವಹಿಸಿ. ನೀರಾದ ಅಡುಗೆಗಳು ಪಕ್ಕದ ರಸ್ತೆಯವರಿಗೆ. ಅನ್ನ, ಸಾರು ಹಬ್ಬದ ಮನೆಯವರಿಗೇ. ಮದುವೆಯಾಗದ ಹುಡುಗರು "ನಾನು ಕೂಲ್‌ಡ್ರಿಂಕ್ಸ್ ತರ್ತೀನಿ" ಅಂತ ತಪ್ಪಿಸಿಕೊಳ್ಳುತ್ತಾರೆ. ಅವರನ್ನು ಬಡಿಸಲು, ಎಲೆ ಎತ್ತಲು ಹೆಸರು ಬರೆದುಬಿಡಿ.

ನನ್ನನ್ನು ಕೇಳಿದರೆ 30 ಜನಕ್ಕೆ ಇದೇ ಮೊದಲ ಆಯ್ಕೆ. ಜೊತೆಗೆ ಅರ್ಧ ಹೋಳಿಗೆ ಅಂಗಡಿಯಿಂದ, ಪಾತ್ರೆಗೆ ಮತ್ತು ಮನೆ ಒರೆಸಲು ಕೂಲಿಗೆ ಇಬ್ಬರು. ನೆಂಟರು ಹತ್ತಿರದಲ್ಲಿಲ್ಲ, ಎಲ್ಲರೂ ಊರಿನಿಂದಲೇ ಬರುವವರು ಅಂದರೆ ಕೇಟರಿಂಗ್, ಅನ್ನ ಕೋಸಂಬರಿ ಮನೆಯದು. ತಾರಸಿ ಇದ್ದು ತಲೆ 40 ದಾಟಿದರೆ ಅಡುಗೆಯವರೇ ಸರಿ.

ಮಾರನೇ ದಿನ ಹೊಸತೊಡಕು ಇದ್ದರೆ

ಬಾಡೂಟದ ಮನೆಗಳಿಗೆ ನಿಜವಾದ ಪರೀಕ್ಷೆ ಯುಗಾದಿಯ ಮಾರನೇ ದಿನ. ಬಂದ ನೆಂಟರು ಹೋಗಿರುವುದಿಲ್ಲ, ಇನ್ನೂ ನಾಲ್ಕು ಜನ ಸೇರಿರುತ್ತಾರೆ. ಇಲ್ಲಿ ಲೆಕ್ಕವೇ ಬೇರೆ.

ಮಟನ್ ತಲೆಗೆ ಮೂಳೆ ಸೇರಿ 200 ಗ್ರಾಂ ಹಿಡಿದರೆ 30 ಜನಕ್ಕೆ 6 ಕೆಜಿ. ಅಂಗಡಿ ಮುಂದೆ ಅವತ್ತು ನಸುಕಿನಿಂದಲೇ ಸಾಲು. ಮೈಸೂರು ರಸ್ತೆಯ ಬಾಪೂಜಿನಗರದ ಸಾಲು ಪ್ರತಿ ವರ್ಷ ಸುದ್ದಿಯಾಗುತ್ತದೆ. ಅದರ ಬದಲು ಬೀದಿಯ ನಾಲ್ಕಾರು ಮನೆಯವರು ಸೇರಿ ಕುರಿ ಕೊಯ್ಸಿ ಗುಡ್ಡೆ ಹಾಕಿಕೊಳ್ಳುವುದು ಹಳೆಯ ದಾರಿ, ಈಗಲೂ ಅದೇ ಒಳ್ಳೆಯದು. ಮಾಂಸದ ಚೀಟಿ ಕಟ್ಟುವವರು ಮಾತ್ರ ಚೀಟಿ ನಡೆಸುವವರು ಚೆನ್ನಾಗಿ ಗೊತ್ತಿರುವವರಾ ಅಂತ ನೋಡಿ ಕಟ್ಟಿ.

ಇಲ್ಲಿ ಅಡುಗೆಯವರು ಬೇಕಾಗುವುದಿಲ್ಲ. ಮಸಾಲೆ ಹಿಂದಿನ ರಾತ್ರಿಯೇ ಹುರಿದಿಟ್ಟರೆ ಸಾರು ದೊಡ್ಡ ಪಾತ್ರೆಯಲ್ಲಿ ತಾನಾಗಿ ಬೇಯುತ್ತದೆ, ಕಾವಲಿ ಮುಂದೆ ನಿಲ್ಲುವ ಕೆಲಸ ಇಲ್ಲ. ಬಿರಿಯಾನಿ ಬೇಕು ಅಂತ ಮಕ್ಕಳು ಹಟ ಹಿಡಿದರೆ ಹೊರಗಿನಿಂದ ತರಿಸಿ, ದಮ್ ಕಟ್ಟಿದ ಪಾತ್ರೆ ಬಿಸಿಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಹಿಂದಿನ ದಿನ ಮಿಕ್ಕ ಬೇಳೆ ಹೋಳಿಗೆಯನ್ನು ಬೆಳಿಗ್ಗೆಯೇ ಬಿಸಿ ಮಾಡಿ ಖಾಲಿ ಮಾಡಿ, ಈ ಸೆಕೆಯಲ್ಲಿ ಸಂಜೆವರೆಗೆ ಹೊರಗೆ ಇಡಬೇಡಿ.

ಮುದ್ದೆ ಮಾತ್ರ ಯಾವ ಕಾರಣಕ್ಕೂ ತರಿಸಬೇಡಿ. ದಾರಿಯಲ್ಲೇ ಮೇಲೆ ಪೊರೆ ಕಟ್ಟಿ, ಮುರಿದರೆ ಕಲ್ಲಾಗಿರುತ್ತದೆ. 30 ಮುದ್ದೆಗೆ ಮೂರು ಕೆಜಿಯ ಹತ್ತಿರ ರಾಗಿಹಿಟ್ಟು ಬೇಕು. ಅಷ್ಟನ್ನೂ ಒಂದೇ ಪಾತ್ರೆಯಲ್ಲಿ ತಿರುವಲು ಹೋದರೆ ಗಂಟಾಗುತ್ತದೆ. ಪಂಕ್ತಿಗೊಂದು ಸಲ, ಹತ್ತು ಹತ್ತು ಮುದ್ದೆಯಂತೆ ಮಾಡಿ. ಮುದ್ದೆಕೋಲು ಹಿಡಿದು ಮೂರು ಸಲ ತಿರುವಬಲ್ಲ ಗಟ್ಟಿ ಕೈಯ ಸೋದರಮಾವ ಯಾರಾದರೂ ಇದ್ದರೆ ಈಗಲೇ ಫೋನ್ ಮಾಡಿ ಹೇಳಿಬಿಡಿ.